ಸಿದ್ದಮ್ಮನ ದೀಪ ದೊಡ್ಡದಾಯ್ತು

ನಮ್ಮತ್ತೆ ಸಿದ್ದಮ್ಮನ ಬಾಯಲ್ಲಿ 'ಆರು', 'ಆರಿಸು' ಅನ್ನುವ ಮಾತನ್ನು ನಾನು ಕೇಳಿದ್ದು ಒಂದೇ ಒಂದು ಸಲ. ಅದು ಬಿಟ್ಟರೆ ದೇವರ ಮುಂದಿನ ದೀಪವಿರಲಿ, ಬಚ್ಚಲಿನ ಬಲ್ಬಿರಲಿ, "ದೊಡ್ಡದು ಮಾಡವ್ವ" ಅಂತಲೇ ಹೇಳುತ್ತಿದ್ದರು. ದೀಪ ಆರಿಸು ಅನ್ನುವುದು ಅಪಶಕುನ, ದೊಡ್ಡದು ಮಾಡು ಅನ್ನಬೇಕು ಅಂತ ನಮ್ಮ ಕಡೆಯ ಹಳಬರೆಲ್ಲ ಹೇಳುವವರೇ. ಆದರೆ ನಮ್ಮತ್ತೆ ಟೀವಿಯನ್ನೂ ದೊಡ್ಡದು ಮಾಡಿಸುತ್ತಿದ್ದರು, ಫ್ಯಾನನ್ನೂ ದೊಡ್ಡದು ಮಾಡಿಸುತ್ತಿದ್ದರು. ಒಂದು ದಿನ "ಸ್ಟೌ ದೊಡ್ಡದು ಮಾಡು ಭಾನು" ಅಂದರು. ನಾನು ಉರಿ ಏರಿಸಿದೆ. ಹಾಲೆಲ್ಲ ಉಕ್ಕಿ ಕಟ್ಟೆಯ ಮೇಲೆ ಹರಿಯಿತು. "ಓದಿರೋಳು ನೀನು, ಕನ್ನಡ ಬರಾಕಿಲ್ವಾ?" ಅಂತ ಬೈಸಿಕೊಂಡೆ. ಅಂಗನವಾಡಿ ಟೀಚರಿಗೆ ಈ ಮಾತು!

ಆ ಒಂದು ಸಲ ಕೇಳಿದ್ದು ಕಲ್ಯದಲ್ಲಿ, ಅವರ ತಮ್ಮ ಮುನಿಯಪ್ಪನ ಮಗಳ ಮದುವೆಯಲ್ಲಿ. ಮಾಗಡಿ ತಾಲ್ಲೂಕಿನ ಕಲ್ಯ ನಮ್ಮತ್ತೆಯ ತವರು. ತಾಯಿ ಕಳೆದುಕೊಂಡ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಅವರು; ತಾನು ಗಂಡನ ಮನೆಗೆ ಬರುವಾಗ ಆ ಹುಡುಗ ಎತ್ತಿನಗಾಡಿಯ ಹಿಂದೆ ಅಳುತ್ತಾ ಓಡಿಬಂದದ್ದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅಂಥ ತಮ್ಮನ ಮಗಳ ಮದುವೆ. ನಮ್ಮ ಮಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸೋದರತ್ತೆ ತಾನು ಅಂತ ನಮ್ಮತ್ತೆ ಹಸೆಮಣೆಯ ಹತ್ತಿರ ಹೋಗಿ ಆರತಿ ತಟ್ಟೆ ಎತ್ತಿಕೊಂಡರು. ಹೆಂಗಸರು ಗುಸುಗುಸು ಅಂದರು. ಮುನಿಯಪ್ಪ ಮಾವ ಧಡಧಡ ಬಂದು ಎಲ್ಲರ ಎದುರಿಗೇ ತಟ್ಟೆ ಕಿತ್ತುಕೊಂಡು, "ನೀನ್ ಮುಟ್ಟಬ್ಯಾಡ ಕಣಕ್ಕ" ಅಂದರು. ನನಗೇ ಮೈ ಉರಿದುಹೋಯಿತು. ಇನ್ನು ಅವರಿಗೆ ಹೇಗಾಗಿರಬೇಡ?

"ನಿನ್ನ ಮನೆ ದೀಪ ಆರೋಗ!" ಅಂದುಬಿಟ್ಟರು ನಮ್ಮತ್ತೆ.

ವಾಲಗ ನಿಂತುಹೋಯಿತು. ಮದುವೆ ಮನೆಯಲ್ಲಿ, ಹೆಣ್ಣು ಹಸೆಯ ಮೇಲೆ ಕೂತಿರುವಾಗ, ಒಡಹುಟ್ಟಿದ ಅಕ್ಕನ ಬಾಯಿಂದ ಬಂದ ಮಾತು ಇದು. ಮುನಿಯಪ್ಪ ಮಾವನ ಕಣ್ಣು ಕೆಂಪಗಾಯಿತು. "ಹಂಗಾರೆ ಕೇಳ್ಕ. ನೀನ್ ಸತ್ರೆ ನಿನ್ನ ಹೆಣಕ್ಕೂ ಬರಾಕಿಲ್ಲ ನಾನು. ತವರ ಸೀರೆ ಆಸೆ ಬುಟ್ಬುಡು" ಅಂದರು.

ನಮ್ಮಲ್ಲಿ ಹೆಂಗಸು ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು. ಆ ಸೀರೆ ಬೀಳುವವರೆಗೆ ಹೆಣ ಮುಟ್ಟುವುದಿಲ್ಲ. ತವರ ಸೀರೆ ಇಲ್ಲದೆ ಹೋದವಳು ಅಂದರೆ ಹುಟ್ಟಿದ ಮನೆಗೆ ಬೇಡವಾದವಳು ಅಂತ ಅರ್ಥ. ಅದನ್ನೇ ಇಲ್ಲ ಅಂದುಬಿಟ್ಟರು. ಸಾಲದ್ದಕ್ಕೆ ಅವತ್ತೇ ಸಂಜೆ ಕಲ್ಯದ ಟ್ರಾನ್ಸ್‌ಫಾರ್ಮರ್ ಢಮ್ ಅಂತ ಸುಟ್ಟು ಊರಿಗೆ ಊರೇ ಕತ್ತಲಾಯಿತಂತೆ. ಅದನ್ನೂ ಅಕ್ಕನ ನಾಲಿಗೆಯ ಲೆಕ್ಕಕ್ಕೇ ಬರೆದರು.

ಅಲ್ಲಿಂದ ಬಂದ ಮೇಲೆಯೇ ನಮ್ಮತ್ತೆ ಟೀವಿ, ಫ್ಯಾನು, ಸ್ಟೌ ಎಲ್ಲವನ್ನೂ ದೊಡ್ಡದು ಮಾಡಿಸಲು ಶುರುಮಾಡಿದ್ದು. ಹಾಲು ಉಕ್ಕಿಸಿಕೊಂಡವಳು ನಾನಾದರೂ ಕಾರಣ ಗೊತ್ತಿದ್ದುದರಿಂದ ಬಾಯಿ ಮುಚ್ಚಿಕೊಂಡಿದ್ದೆ. ಗೌರಿ ಹಬ್ಬ ಬಂದರೆ ಬಾಗಿಲಲ್ಲೇ ಕೂರುತ್ತಿದ್ದರು. ಕಲ್ಯದಿಂದ ಯಾರೂ ಬರುತ್ತಿರಲಿಲ್ಲ. ನಮ್ಮನೆಯವರು, ಅಂದರೆ ಅವರ ಮಗ ಬಾಲರಾಜು, ಎರಡು ಮೂರು ಸಲ ಹೋಗಿ ಸೋದರಮಾವನ ಕೈಕಾಲು ಹಿಡಿದರು. ಊಟ ಹಾಕಿ ಕಳಿಸಿದರೇ ಹೊರತು ಅಕ್ಕನ ಸುದ್ದಿ ಎತ್ತಲು ಬಿಡಲಿಲ್ಲ. "ಸಾಯಾಕೆ ಭಯ ಇಲ್ಲ ಕಣವ್ವ. ನನ್ ಮ್ಯಾಲೆ ತವರ ಸೀರೆ ಬೀಳಾಕಿಲ್ವಲ್ಲ, ಅದೊಂದೇ ಸಂಕಟ" ಅಂತ ನಮ್ಮತ್ತೆ ನನ್ನ ಹತ್ತಿರ ಹೇಳುತ್ತಿದ್ದರು. ಬಿದ್ದ ಮಾತು ಎತ್ತಲು ಬರುವುದಿಲ್ಲ ಅನ್ನುವುದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಹೀಗೇ ವರ್ಷಗಳು ಉರುಳಿದ ಮೇಲೆ ರಾಮನಗರದಲ್ಲಿ ನಾವು ಮನೆ ಕಟ್ಟಿದೆವು. ನನ್ನ ಮಗಳು ಪುಟ್ಟಿ ಇಂಟೀರಿಯರ್ ಡಿಸೈನ್ ಓದುತ್ತಾಳೆ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಟ. ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ನಮ್ಮ ತಲೆಯ ಮೇಲೆಯೇ ಮಾಡಿ ನೋಡಿದಳು. ತಲೆಯ ಮೇಲೆ ಅಂದರೆ ನಿಜವಾಗಿಯೂ ತಲೆಯ ಮೇಲೆ. ಸೂರಿನ ಕೆಳಗೆ ಇನ್ನೊಂದು ಸೂರು ಕಟ್ಟಿಸಿ, ಅದರ ಅಂಚಿನ ಸಂದಿಯೊಳಗೆ ಉದ್ದಕ್ಕೂ ದೀಪದ ಪಟ್ಟಿ ಅಂಟಿಸಿದಳು. "ಬಲ್ಬು ಕಾಣಬಾರದು ಅಮ್ಮ, ಬೆಳಕು ಮಾತ್ರ ಕಾಣಬೇಕು. ಅದು ಗೋಡೆಗೆ ಬಡಿದು, ಮೆತ್ತಗಾಗಿ ನಮ್ಮ ಹತ್ರ ಬರುತ್ತೆ" ಅಂದಳು. ಬೆಲ್ಲ ಕಾಣಬಾರದು, ಪಾಯಸ ಸಿಹಿಯಾಗಿರಬೇಕು ಅಂದ ಹಾಗಾಯಿತು. ನಮ್ಮನೆಯವರು ಆಸೆಪಟ್ಟು ಹೊಳೆಯುವ ಪೇಂಟ್ ಹೊಡೆಸಿದ್ದರು. ಮೊದಲ ದಿನ ಸ್ವಿಚ್ ಹಾಕಿದರೆ ಪಟ್ಟಿಯ ಒಂದೊಂದು ಚುಕ್ಕೆಯೂ ಗೋಡೆಯಲ್ಲಿ ಮಿಣಮಿಣ ಅಂತು, ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟೇ ಸರಿ. ಪುಟ್ಟಿ ಅತ್ತು ಕರೆದು ಮತ್ತೆ ಹೊಳಪಿಲ್ಲದ ಕೆನೆ ಬಣ್ಣ ಹೊಡೆಸಿದಳು. ಆಮೇಲೆ ಬೆಳಕು ಚೆನ್ನಾಗಿಯೇ ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ನೋಡಲು ಬಂದ ನೆಂಟರೊಬ್ಬರು "ಬಾರ್ ಇದ್ದಂಗೈತೆ" ಅಂದು ಹೋದರು. ನಾನು ಅವರಿಗೆ ಎರಡನೇ ಸಲ ಕಾಫಿ ಕೊಡಲಿಲ್ಲ.

ನಮ್ಮತ್ತೆಗೆ ಆ ಮನೆಯಲ್ಲಿ ಮೊದಲ ಸಂಜೆಯೇ ತೊಡಕಾಯಿತು. ದೀಪ ಹಾಕಿದ ಕೂಡಲೇ ಅದಕ್ಕೆ ಕೈ ಮುಗಿಯುವುದು ಅವರ ಅಭ್ಯಾಸ. ಪುಟ್ಟಿ ಸ್ವಿಚ್ ಒತ್ತಿದಳು. ಕೋಣೆ ತುಂಬಾ ಬೆಳಕು. ಕೈ ಜೋಡಿಸಿಕೊಂಡ ನಮ್ಮತ್ತೆ ಆ ಕಡೆ ತಿರುಗಿದರು, ಈ ಕಡೆ ತಿರುಗಿದರು, ಸೂರು ನೋಡಿದರು.

"ದೀಪ ಎಲ್ಲವ್ವ?"

"ಅದು ಕಾಣಲ್ಲ ಅಜ್ಜಿ."

"ಕಾಣ್ದೇ ಇರಾದಕ್ಕೆ ಎಂಗ್ ಕೈ ಮುಗೀಲಿ?" ಅಂದವರು, ಆಮೇಲೆ ತಾವೇ "ದ್ಯಾವ್ರೂ ಕಾಣಾಕಿಲ್ಲ ಬುಡು" ಅಂತ ಗೋಡೆಗೇ ಕೈ ಮುಗಿದರು.

ನಾನು ಬೆಚ್ಚಿಬಿದ್ದದ್ದು ಅವರ ಕೋಣೆಗೆ ಹಾಕಿಸಿದ ದೀಪ ನೋಡಿ. ಅವರಿಗೆ ಕಣ್ಣಿನ ಪೊರೆ ತೆಗೆಸಿ ಕೆಲವೇ ತಿಂಗಳಾಗಿತ್ತು, ಎದುರಿಗೆ ಬಲ್ಬು ಇದ್ದರೆ ಕಣ್ಣು ಚುಚ್ಚುತ್ತಿತ್ತು. ಕಿವಿಯೂ ಮಂದ. ಬಚ್ಚಲಿಗೆ ಏಳುವಾಗ ಎಡವಬಾರದು ಅಂತ ಪುಟ್ಟಿ ಯೋಚನೆ ಮಾಡಿ, ಮಂಚದ ತಲೆಹಲಗೆಯ ಹಿಂದೆ ಪಟ್ಟಿ ಬಚ್ಚಿಡಿಸಿದ್ದಳು. ಬೆಳಕು ಹಲಗೆಯ ಹಿಂದಿನಿಂದ ಎದ್ದು ಗೋಡೆಗೆ ಹರಡಿಕೊಳ್ಳುತ್ತಿತ್ತು. ಬೇಕಾದಷ್ಟು ಏರಿಸಲು, ಇಳಿಸಲು ಮಂಚದ ಪಕ್ಕ ಒಂದು ತಿರುಗಿಸುವ ಗುಂಡಿ.

"ಅಲ್ಲ ಕಣೇ, ತಲೆದೆಸೆಗೆ ದೀಪ ಇಡೋದು ಯಾರಿಗೆ?" ಅಂತ ನಾನು ಕೂಗಾಡಿದೆ. ಸತ್ತವರ ತಲೆಯ ಹತ್ತಿರ ತಾನೇ ನಾವು ದೀಪ ಇಡುವುದು! ಪುಟ್ಟಿಗೆ ಅದು ಹೊಳೆದೇ ಇರಲಿಲ್ಲ, ಮುಖ ಬಿಳಿಚಿಕೊಂಡಿತು. ಕಿತ್ತುಹಾಕಿಸುತ್ತೇನೆ ಅಂತ ನಾನು ಹೊರಟರೆ ನಮ್ಮತ್ತೆಯೇ ತಡೆದರು. "ಕೂಸು ಆಸೆಯಿಂದ ಮಾಡ್ಸೈತೆ. ಒಸಿ ಮುಂಚೇನೇ ಇಟ್ಟಂಗಾಯ್ತು, ಇರ್ಲಿ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಆ ಗುಂಡಿ ಸ್ವಲ್ಪ ದಿನಕ್ಕೇ ಸಡಿಲವಾಯಿತು. ದೀಪದ ಕೆಲಸ ಮಾಡಿದ್ದ ಚನ್ನಪಟ್ಟಣದ ಆಫ್ತಾಬ್ ಬಂದು ನೋಡುತ್ತೇನೆ ಅಂದಿದ್ದ. ಅವತ್ತು ನನಗೆ ತಾಲ್ಲೂಕು ಮೀಟಿಂಗು. ನಮ್ಮನೆಯವರು ಬಿಡದಿಯ ಫ್ಯಾಕ್ಟರಿಯಲ್ಲಿ, ಪುಟ್ಟಿ ಕಾಲೇಜಿನಲ್ಲಿ. ನಮ್ಮತ್ತೆ ಒಬ್ಬರೇ ಮನೆಯಲ್ಲಿ. ಮೀಟಿಂಗಿನಲ್ಲಿ ಫೋನಿನ ಸದ್ದು ಬಂದರೆ ಮೇಡಮ್ಮು ಕಣ್ಣಲ್ಲೇ ಸುಡುತ್ತಾರೆ ಅಂತ ಸೈಲೆಂಟ್ ಮಾಡಿ ಬ್ಯಾಗಿನಲ್ಲಿ ಹಾಕಿದ್ದೆ. ಮುಗಿದ ಮೇಲೆ ತೆಗೆದು ನೋಡಿದರೆ ಪರದೆ ತುಂಬಾ ನಮ್ಮನೆಯವರ ಮಿಸ್ಡ್ ಕಾಲ್.

ಫೋನ್ ಮಾಡಿದೆ. ಆ ಕಡೆಯಿಂದ ಗಂಡಸು ಗಳಗಳ ಅಳುವ ಸದ್ದು. ಮದುವೆಯಾದಾಗಿನಿಂದ ಆ ಮನುಷ್ಯ ಅತ್ತದ್ದು ನಾನು ಕೇಳಿದ್ದು ಒಂದೇ ಸಲ, ಅವರಪ್ಪ ಹೋದಾಗ.

"ಭಾನು... ಅವ್ವ... ಅವ್ವಂದು ದೀಪ ದೊಡ್ಡದಾಗೋಯ್ತು ಕಣೇ."

ಬೆಳಿಗ್ಗೆ ತಾನೇ ರೊಟ್ಟಿಗೆ ಉಪ್ಪು ಜಾಸ್ತಿಯಾಯಿತು ಅಂತ ನನ್ನ ಮೇಲೆ ರೇಗಿದ್ದರು. ಅಷ್ಟು ಗಟ್ಟಿಯಾಗಿದ್ದ ಜೀವ! ಆಟೋ ಹತ್ತಿದ್ದು ನೆನಪಿದೆ, ಚಪ್ಪಲಿ ಎಲ್ಲಿ ಬಿಟ್ಟೆನೋ ಇವತ್ತಿಗೂ ಗೊತ್ತಿಲ್ಲ.

ಮನೆ ಮುಂದೆ ಸೌದೆಯ ಕೊರಡು ಹೊಗೆಯಾಡುತ್ತಿತ್ತು. ಬೀದಿಯವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮನೆಯವರು ಫ್ಯಾಕ್ಟರಿಯ ಯೂನಿಫಾರಂನಲ್ಲೇ ಮೆಟ್ಟಿಲ ಮೇಲೆ ಕುಸಿದಿದ್ದರು. "ಬಾಗ್ಲತ್ರ ನಿಂತ್ ನೋಡ್ದೆ. ಮುಖ ನೋಡಾಕೆ ಧೈರ್ಯ ಬರ್ಲಿಲ್ಲ ಕಣೇ" ಅಂದರು. ನಾನು ಅವರನ್ನು ದಾಟಿಕೊಂಡು ಒಳಗೆ ಓಡಿದೆ.

ಮಂಚದ ಮೇಲೆ ನಮ್ಮತ್ತೆ ಉದ್ದಕ್ಕೆ ಮಲಗಿದ್ದರು. ಬಿಳಿ ಬೆಡ್‌ಶೀಟು ತಲೆಯವರೆಗೂ ಹೊದಿಸಿತ್ತು. ಫ್ಯಾನಿನ ಗಾಳಿಗೆ ಅದು ಅಲುಗುತ್ತಿತ್ತು. ತಲೆದೆಸೆಯ ಗೋಡೆಯ ತುಂಬಾ ಬೆಳಕು, ಇಷ್ಟು ದಿನ ಇಲ್ಲದಷ್ಟು ಬೆಳಕು. ಅಯ್ಯೋ ಪುಟ್ಟಿ, ಏನು ಮಾಡಿದೆ ಮಗಳೇ ಅಂದುಕೊಂಡೆ. ನಾನು ಹೇಳಿದ್ದೇ ಆಗಿಹೋಯಿತಲ್ಲ. ಹೊದಿಕೆ ಸರಿಸಲು ಕೈ ಚಾಚಿದೆ. ಎದುರು ಮನೆಯ ಉಮಾಮಹೇಶ್ವರಿ, ಬೇಕರಿ ನಡೆಸುವವರು, ನನ್ನ ಕೈ ಹಿಡಿದುಕೊಂಡರು.

"ಮುಟ್ಟಬೇಡಿ ಭಾನು. ನಿಮ್ಮಲ್ಲಿ ತವರಿನವರು ಬಂದು ಸೀರೆ ಹೊದಿಸಬೇಕಂತಲ್ಲ, ಬರಲಿ."

"ಅವರು ಬರಲ್ಲ ಅಕ್ಕ" ಅಂದೆ. ಅಂದು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಸತ್ತದ್ದಕ್ಕಿಂತ ಆ ಸೀರೆ ಬರುವುದಿಲ್ಲ ಅನ್ನುವುದಕ್ಕೇ ಹೆಚ್ಚು ಅತ್ತೆನೇನೋ. ನಮ್ಮನೆಯವರು ಕಲ್ಯಕ್ಕೆ ಫೋನ್ ಮಾಡಿ ಹೇಳಿದ್ದರಂತೆ. ಮುನಿಯಪ್ಪ ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಫೋನ್ ಇಟ್ಟುಬಿಟ್ಟರಂತೆ. ಎಷ್ಟು ಹೊತ್ತು ಕಾಯುವುದು ಅಂತ ಹೊರಗೆ ಗಂಡಸರು ಮಾತಾಡಿಕೊಳ್ಳಲು ಶುರುಮಾಡಿದರು. ನನಗೆ ಕೋಪ ನೆತ್ತಿಗೇರಿತು. ಸಾಕಿದ ಅಕ್ಕ ಹೆಣವಾಗಿ ಮಲಗಿರುವಾಗಲೂ ಹಟವೇ ಇವರಿಗೆ?

ಇಳಿಹೊತ್ತಿನಲ್ಲಿ ಒಂದು ಟೆಂಪೋ ಬಂದು ನಿಂತಿತು. ಚೆಂಡುಹೂವಿನ ಹಾರ ಹಿಡಿದುಕೊಂಡು ಕಲ್ಯದವರು ಇಳಿದರು. ಕೊನೆಯಲ್ಲಿ ಇಳಿದವರು ಮುನಿಯಪ್ಪ ಮಾವ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಂಕುಳಲ್ಲಿ ಜವಳಿ ಅಂಗಡಿಯ ಕವರು.

ಯಾರ ಮುಖವನ್ನೂ ನೋಡದೆ ಸೀದಾ ಕೋಣೆಗೆ ಬಂದರು. ತಲೆದೆಸೆಯ ಬೆಳಕು ನೋಡಿ ಒಂದು ಗಳಿಗೆ ನಿಂತರು. ಕವರಿನಿಂದ ಸೀರೆ ತೆಗೆದು, ಬಿಡಿಸಿ, ಬೆಡ್‌ಶೀಟಿನ ಮೇಲೆ ತಲೆಯಿಂದ ಕಾಲಿನವರೆಗೆ ಹೊದಿಸಿದರು. ಆಮೇಲೆ ಕಾಲಿನ ಮೇಲೆ ಬಿದ್ದುಬಿಟ್ಟರು. "ಅಕ್ಕಾ! ನಿನ್ ಕೈಯಿಂದ ಆರತಿ ಕಿತ್ಕಂಡ ಕೈ ಕಣಕ್ಕ ಇದು! ಇದು ಸೇದೋಗ್ಬಾರ್ದಿತ್ತಾ!" ಅಂತ ಮಂಚಕ್ಕೆ ಕೈ ಚಚ್ಚಿಕೊಂಡರು. ನಾವೆಲ್ಲ ಹೋ ಅಂದೆವು.

ಹೆಣ ಕಾಲು ಝಾಡಿಸಿತು.

"ಯಾವನ್ಲಾ ಅವ್ನು, ಕಾಲ್ ಹಿಡ್ಕಂಡಿರೋನು?"

ಸೀರೆ ಮುಸುಕಿನ ಸಮೇತ ನಮ್ಮತ್ತೆ ಎದ್ದು ಕೂತರು. ಉಮಾಮಹೇಶ್ವರಿ 'ಶಿವಶಿವಾ' ಅಂತ ಕೂಗಿ ಬಾಗಿಲಿಗೆ ಹಣೆ ಬಡಿಸಿಕೊಂಡರು. ಹಾರ ಹಿಡಿದವರು ಹಾರ ಬಿಸಾಕಿ ಓಡಿದರು. ಮುನಿಯಪ್ಪ ಮಾವ ಮಾತ್ರ ಕಾಲು ಬಿಡಲಿಲ್ಲ. ಹಿಡಿದ ಹಾಗೆಯೇ ಬಾಯಿ ಕಳೆದು ನೋಡುತ್ತಿದ್ದರು.

ಸರಿಯಾಗಿ ಆ ಹೊತ್ತಿಗೆ ಆಫ್ತಾಬ್, ಕೈಯಲ್ಲಿ ಹೊಸ ಗುಂಡಿಯ ಡಬ್ಬಿ ಹಿಡಿದುಕೊಂಡು, ಜನರನ್ನು ಸರಿಸಿಕೊಂಡು ಒಳಗೆ ಬಂದ. ನಮ್ಮನೆಯವರು ಅವನ ಅಂಗಿ ಹಿಡಿದರು.

"ಏನ್ಲಾ ಹೇಳ್ದೆ ಫೋನಲ್ಲಿ?"

"ಅಜ್ಜಿ ದೀಪ ದೊಡ್ಡದಾಗೋಯ್ತು, ನನ್ ಕೈ ಮೀರೋಯ್ತು ಅಂದೆ ಅಣ್ಣ. ಸುಳ್ಳಾ? ನೋಡಿ, ಫುಲ್ ಐತೆ!" ಅಂತ ಗೋಡೆ ತೋರಿಸಿದ.

ನಡೆದದ್ದು ಇಷ್ಟು. ಗುಂಡಿ ನೋಡುತ್ತಿದ್ದ ಆಫ್ತಾಬನಿಗೆ ನಮ್ಮತ್ತೆ, ತಾನು ಮಲಗಬೇಕು, ದೀಪ ದೊಡ್ಡದು ಮಾಡಪ್ಪ ಅಂದಿದ್ದಾರೆ. ಅವನು ಏರಿಸಿದ್ದಾನೆ. ಇವರು ರೇಗಿ "ದೊಡ್ಡದು ಮಾಡ್ಲಾ ಅಂದ್ರೆ!" ಅಂದಿದ್ದಾರೆ. ಅವನು ಇನ್ನೂ ಏರಿಸಿದ್ದಾನೆ. ಹೀಗೇ ತಿರುಗಿಸಿ ತಿರುಗಿಸಿ ಗುಂಡಿ ಕೈಗೇ ಬಂತು, ದೀಪ ತುದಿಯಲ್ಲೇ ನಿಂತಿತು. ಮೇನ್ ತೆಗೆದರೆ ಫ್ಯಾನೂ ನಿಂತು ಅಜ್ಜಿ ಬೆವರುತ್ತಾರಲ್ಲ ಅಂತ ಹಾಗೆಯೇ ಬಿಟ್ಟು, ಫೋನ್ ಮಾಡಿ ಹೇಳಿ, ಹೊಸ ಗುಂಡಿ ತರಲು ಚನ್ನಪಟ್ಟಣಕ್ಕೆ ಹೋದ. ನಮ್ಮತ್ತೆ ಇವನಿಗೆ ಬುದ್ಧಿ ನೆಟ್ಟಗಿಲ್ಲ ಅಂದುಕೊಂಡು, ಬೆಳಕು ಕಣ್ಣಿಗೆ ಬೀಳದ ಹಾಗೆ ಮುಸುಕು ಹಾಕಿ ನಿದ್ದೆ ಹೋದರು. ಮಷೀನುಗಳ ಗದ್ದಲದ ನಡುವೆ ನಮ್ಮನೆಯವರು ಕೇಳಿಸಿಕೊಂಡದ್ದು ತಮ್ಮವ್ವನ ಭಾಷೆಯಲ್ಲಿ. ಆಮೇಲೆ ಆಫ್ತಾಬ್ ತನ್ನ ಮನೆಯಲ್ಲಿ ಈ ಕಥೆ ಹೇಳಿದಾಗ ಅವನ ಅಜ್ಜಿ ನೂರ್ಜಹಾನ್ ಅವನ ತಲೆಗೆ ಮೊಟಕಿದಳಂತೆ. ಉರ್ದುವಿನಲ್ಲೂ ಹಳಬರು ದೀಪವನ್ನು ಆರಿಸುವುದಿಲ್ಲ, ಬೆಳೆಸುತ್ತಾರಂತೆ!

ಹೊರಗೆ ಯಾರೋ ನಕ್ಕರು, ಯಾರೋ ಬೈದರು, ಯಾರೋ ಕೊರಡಿಗೆ ನೀರು ಹಾಕಿದರು. ನಮ್ಮನೆಯವರು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಎಳೆಮಗುವಿನ ಹಾಗೆ ಬಿಕ್ಕುತ್ತಿದ್ದರು. ನಮ್ಮತ್ತೆಗೆ ಇದು ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಮೈಮೇಲೆ ಬಿದ್ದಿದ್ದ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನೀಲಿ ಸೀರೆ, ಸಣ್ಣ ಅಂಚು, ಇನ್ನೂ ಗಂಜಿ ಬಿಟ್ಟಿರಲಿಲ್ಲ.

"ಇದ್ಯಾವ್ ಸೀರೆ?" ಅಂದರು.

ಮುನಿಯಪ್ಪ ಮಾವನೇ ಕಾಲ ಬಳಿಯಿಂದ, "ತವರ ಸೀರೆ ಕಣಕ್ಕ" ಅಂದರು.

ನಮ್ಮತ್ತೆ ಆಗ ನೋಡಿದರು. ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದರು. "ಮುನಿಯ?" ಅಂದರು. "ಎಷ್ಟ್ ಬೆಳ್ಳಗಾಗ್ಬುಟ್ಟಿದೀಯ್ಲಾ!"

"ಹೆಣಕ್ಕೂ ಬರಾಕಿಲ್ಲ ಅಂದಿದ್ದೆ. ಮಾತ್ ತಪ್‌ಬುಟ್ಟೆ ಅಕ್ಕ."

"ಎಲ್ ತಪ್ದೆ? ಹೆಣ ಎಲ್ಲೈತೆ, ತೋರ್ಸು. ನೀನ್ ಬಂದಿರಾದು ನನ್ ತಾವ್ಕೆ." ಆ ಸೀರೆಯ ಸೆರಗಿನಲ್ಲೇ ತಮ್ಮನ ಮುಖ ಒರೆಸಿದರು. "ನಾನ್ ದಿಟ್ವಾಗಿ ಸತ್ತಾಗ ಬರಬ್ಯಾಡ ಕಣ್ಲಾ. ಸೀರೆ ಬಂದಾಯ್ತಲ್ಲ. ನಿನ್ ಮಾತೂ ಉಳೀಲಿ."

ಆಮೇಲೆ, ಇಷ್ಟು ವರ್ಷ ಯಾರನ್ನೂ ಕೇಳಲಾಗದೆ ನುಂಗಿಕೊಂಡಿದ್ದ ಮಾತು ಕೇಳಿದರು. "ನಿನ್ ಮನೆ ದೀಪ ಎಂಗೈತ್ಲಾ?"

"ಉರೀತೈತೆ ಕಣಕ್ಕ. ಮೊಮ್ಮಕ್ಳು ಆಡ್ಕೊಂಡವ್ರೆ."

ನಮ್ಮತ್ತೆ ಅತ್ತದ್ದು ಆಗ. ಪುಟ್ಟಿ ರೈಲಿನ ಉದ್ದಕ್ಕೂ ಅತ್ತುಕೊಂಡು ಬಂದವಳು, ಬಾಗಿಲಲ್ಲಿ ನಿಂತು ಅಜ್ಜಿ ಅಳುವುದನ್ನು ನೋಡಿ, ಸತ್ತವರು ಯಾರು ಅಂತ ನನ್ನನ್ನು ಕೇಳಿದಳು.

ಆ ತಲೆದೆಸೆಯ ದೀಪ ಕೀಳಿಸೋಣ ಅಂತ ನಾನು ಮತ್ತೆ ಹಟ ಹಿಡಿದೆ. ನಮ್ಮತ್ತೆ ಬಿಡಲಿಲ್ಲ, "ನನ್ ತಮ್ಮನ್ನ ಕರ್ಕಂಡ್ ಬಂದ ದೀಪ ಕಣವ್ವ" ಅಂದರು. ಸಂಜೆ ಹೊತ್ತು ಕೈ ಮುಗಿಯಲು ಹುಡುಕಾಡುವುದೂ ತಪ್ಪಿತು. ನೀಲಿ ಸೀರೆ ಉಟ್ಟುಕೊಂಡು ಮಂಚದ ಹಿಂದಿನ ಗೋಡೆಗೇ ಮುಗಿಯುತ್ತಿದ್ದರು. ಆ ಸಲದ ಗೌರಿ ಹಬ್ಬಕ್ಕೆ ಮುನಿಯಪ್ಪ ಮಾವ ಅವರೆಕಾಯಿ ಮೂಟೆ ಹೊತ್ತುಕೊಂಡು ಬಂದರು. ಅವರೆಕಾಯಿಗೆ ಅದು ಕಾಲವೇ ಅಲ್ಲ. ಎಲ್ಲಿಂದ ಹುಡುಕಿ ತಂದರೋ. ಅಕ್ಕ ತಮ್ಮ ಕೂತು ಸುಲಿದರು, ಸುಲಿಯುತ್ತಾ ಜಗಳವೂ ಆಡಿದರು.

ಹೋದ ಮಾಘದಲ್ಲಿ ನಮ್ಮತ್ತೆ ಕಾಫಿ ಕುಡಿದು, ಒಸಿ ಮಲಗ್ತೀನಿ ಅಂದವರು ಏಳಲಿಲ್ಲ. ಈ ಸಲ ಯಾರ ಮಾತನ್ನೂ ಕೇಳದೆ ನಾನೇ ಮುಖ ಮುಟ್ಟಿ ನೋಡಿದೆ, ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಡಾಕ್ಟರನ್ನೂ ಕರೆಸಿದೆವು. ಕಲ್ಯಕ್ಕೆ ಯಾರು ಹೇಳುವುದು ಅಂತ ಬಂತು. ನಮ್ಮನೆಯವರ ಕೈಲಾಗಲಿಲ್ಲ. ನಾನು ಫೋನ್ ಹಚ್ಚಿದೆ.

"ಮಾವ, ಅತ್ತೆ ದೀಪ..." ಅಂದೆ.



"ಭಾನವ್ವ, ನೆಟ್ಟಗೆ ನೋಡವ್ವ" ಅಂದರು ಮುನಿಯಪ್ಪ ಮಾವ. ಮಗು ಕೇಳುವ ಹಾಗೆ ಕೇಳಿದರು. "ದೊಡ್ಡದಾಗೈತೋ, ಆರೋಗೈತೋ? ಆ ಆಫ್ತಾಬನ್ನ ಒಂದ್ ಸಲ ಕರ್ಸಿ ನೋಡಿ."

ನಮ್ಮ ಮನೆಯಲ್ಲಿ ಯಾರೂ ಹೇಳದ ಆ ಮಾತನ್ನು ನಾನೇ ಹೇಳಬೇಕಾಯಿತು.

"ಆರೋಗೈತೆ ಮಾವ."

"ಬತ್ತೀನಿ" ಅಂದರು.